ಗೊಲ್ಲಾಳಪ್ಪನ ಇಪ್ಪತ್ತೊಂದು ಕೂಗು

ಸೇಡಂ ತಾಲೂಕಿನ ಮುಧೋಳದ ಗೊಲ್ಲಾಳಪ್ಪ ಕೌಜುಗದ ಹಾಗೆ ಕೂಗಿದರೆ ಕೌಜುಗಗಳಿಗೇ ತಮ್ಮ ಕೂಗಿನ ಮೇಲೆ ಅನುಮಾನ ಬರುತ್ತಿತ್ತು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಆ ಊರಿನ ಶಾಲೆಯಲ್ಲಿ ಹದಿನಾಲ್ಕು ವರ್ಷ ಮಾಸ್ತರನಾಗಿದ್ದವನು ನಾನು. ಒಮ್ಮೆ ಸೇಡಂ ಸ್ಟೇಷನ್ನಿನಲ್ಲಿ ಅವನು ಸುಮ್ಮನೆ ಗಂಟಲು ಸರಿಮಾಡಿಕೊಳ್ಳಲೆಂದು ಕೂಗಿದಾಗ ರೈಲಿನ ಇಂಜಿನ್ನು ತನ್ನ ಸೀಟಿ ನಿಲ್ಲಿಸಿ ಕೇಳಿತಂತೆ. ಹೇಳಿದವನು ಹಮಾಲಿ, ಅವನು ಸುಳ್ಳು ಹೇಳಿರಲೂಬಹುದು. ಗಾಡಿ ಅಂದು ನಾಲ್ಕು ತಾಸು ತಡವಾಗಿದ್ದದ್ದು ಮಾತ್ರ ನಿಜ.

ಕೌಜುಗ ಎಂದರೆ ಮಣ್ಣಿನ ಬಣ್ಣದ, ಕೋಳಿಗಿಂತ ಸಣ್ಣದಾದ ಹಕ್ಕಿ. ಸೇಡಂನ ಮುಸಲ್ಮಾನರು ಅದನ್ನು ತೀತರ್ ಎನ್ನುತ್ತಾರೆ. ಹಾರುವುದಕ್ಕಿಂತ ಓಡುವುದರಲ್ಲಿ ಅದಕ್ಕೆ ನಂಬಿಕೆ ಹೆಚ್ಚು. ಗಂಡು ಕೌಜುಗಕ್ಕೆ ಒಂದು ಕೆಟ್ಟ ಗುಣವಿದೆ: ತನ್ನ ಸರಹದ್ದಿನಲ್ಲಿ ಇನ್ನೊಂದು ಗಂಡು ಕೂಗಿದರೆ ಅದಕ್ಕೆ ತಡೆಯಲಾಗುವುದಿಲ್ಲ. ಎದೆ ಉಬ್ಬಿಸಿಕೊಂಡು ಜಗಳಕ್ಕೆ ಬಂದೇ ಬರುತ್ತದೆ. ಗೊಲ್ಲಾಳಪ್ಪನ ಸಂಸಾರ ನಡೆದದ್ದೇ ಈ ಗುಣದ ಮೇಲೆ. ಬದುವಿನ ಪಕ್ಕ ಕುದುರೆ ಬಾಲದ ಕೂದಲಿನ ಉರುಲುಗಳನ್ನು ಸಾಲಾಗಿ ನೆಟ್ಟು, ಕಂಟಿಯ ಹಿಂದೆ ಕುಳಿತು ಕೂಗುತ್ತಿದ್ದ. ಸರಹದ್ದಿನ ಮಾಲೀಕ ಹಕ್ಕಿ ಓಡಿಬಂದು ಉರುಲಿಗೆ ಕಾಲು ಕೊಡುತ್ತಿತ್ತು. ನಮ್ಮ ಕಡೆ ಬದುವಿನ ವ್ಯಾಜ್ಯದಲ್ಲಿ ಹಾಳಾದ ಮನುಷ್ಯರೇ ಬೇಕಾದಷ್ಟಿರುವಾಗ ಹಕ್ಕಿಯನ್ನು ಬೈದು ಏನು ಮಾಡುವುದು?

ಹಿಡಿದ ಹಕ್ಕಿಗಳನ್ನು ಅವನು ಸೇಡಂನ ಗುಲಾಮ ದಸ್ತಗೀರನಿಗೆ ಮಾರುತ್ತಿದ್ದ. ಸ್ಟೇಷನ್ ರಸ್ತೆಯಲ್ಲಿ ದಸ್ತಗೀರನ ಖಾನಾವಳಿ. ತೀತರ್ ಕುರ್ಮಾ ಅಲ್ಲಿನ ಹೆಸರುವಾಸಿ ಅಡುಗೆ. ಮೊದಲು ವಾರಕ್ಕೆ ಆರೇಳು ಹಕ್ಕಿ ಸಾಕಾಗುತ್ತಿದ್ದವು. ಅರವತ್ತೈದರ ಸುಮಾರಿಗೆ ವಾಡಿಯ ಕಡೆ ಕಾರ್ಖಾನೆ ಕಟ್ಟುವ ಕೆಲಸ ಜೋರಾಯಿತು. ಗುತ್ತಿಗೆದಾರರು, ಸುಪರ್‌ವೈಜರುಗಳು ರೈಲು ಹತ್ತಿ ಕುರ್ಮಾ ತಿನ್ನಲು ಬರತೊಡಗಿದರು. ಎಂಟಾಣೆಯ ಹಕ್ಕಿ ಒಂದು ರೂಪಾಯಿ ಆಯಿತು. ಗೊಲ್ಲಾಳಪ್ಪ ಆ ವರ್ಷ ಎಷ್ಟು ಕೂಗಿದನೆಂದರೆ, ಮನೆಯಲ್ಲಿ ಹೆಂಡತಿ ಉಪ್ಪು ಬೇಕೇ ಎಂದು ಕೇಳಿದರೂ ಅವನ ಬಾಯಿಂದ ಕೌಜುಗದ ಉತ್ತರವೇ ಬರುತ್ತಿತ್ತು.

ಮನೆ ಎಂದೆ, ಅದು ತಪ್ಪು. ಅವನಿಗೆ ಮನೆ ಇರಲಿಲ್ಲ. ಈಚಲ ಚಾಪೆಯ ಒಂದು ಗುಡಿಸಲು; ಯಾರದೋ ಹೊಲದ ಅಂಚಿನಲ್ಲಿ ಸುಗ್ಗಿಯ ತನಕ, ಆಮೇಲೆ ಇನ್ಯಾರದೋ ದಿಬ್ಬದ ಮೇಲೆ. ಮಳೆ ಬಂದರೆ ನನ್ನ ಶಾಲೆಯ ಪಡಸಾಲೆ. ಹೆಂಡತಿ ಮರೆಮ್ಮ ಅಲ್ಲಿ ಒದ್ದೆ ಸೀರೆ ಹಿಂಡುತ್ತ ನನಗೆ ಕೇಳುವಂತೆಯೇ ಗಂಡನಿಗೆ ಹೇಳುತ್ತಿದ್ದಳು:

"ನಂಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಒಂದು ಬಾಗಿಲ ಬೇಕು. ನೀ ಬರೋದ ನೋಡಿ ಧಡ್ ಅಂತ ಹಾಕ್ಕೊಳ್ಳಿಕ್ಕೆ ಒಂದು ಬಾಗಿಲ."

ಬಾಗಿಲಿಗೆ ಗೋಡೆ ಬೇಕು, ಗೋಡೆಗೆ ಜಾಗ ಬೇಕು. ಜಾಗ ಮುಧೋಳದಲ್ಲಿ ಎಲ್ಲರದೂ ಇತ್ತು, ಇವರದು ಇರಲಿಲ್ಲ.

ಆ ಹಂಗಾಮಿನಲ್ಲೇ ತೊಗರಿಗೆ ಹುಳ ಬಿತ್ತು. ಕಾಯಿ ಕೊರೆಯುವ ಹಸಿರು ಹುಳ. ನಮ್ಮ ಕಡೆ ಅದಕ್ಕಿದ್ದ ಔಷಧವೆಂದರೆ ಹೆಣ್ಣುಮಕ್ಕಳು ಸಾಲಿನ ಕೆಳಗೆ ಹಚ್ಚಡ ಹಾಸಿ ಗಿಡ ಅಲುಗಾಡಿಸುವುದು. ಬಿದ್ದ ಹುಳವನ್ನು ಹಕ್ಕಿಗಳು ತಿನ್ನುವುದು. ಆ ವರ್ಷ ಅಲುಗಾಡಿಸಿದರು, ಹುಳ ಬಿದ್ದವು, ಸ್ವಲ್ಪ ಹೊತ್ತು ಬಿಸಿಲು ಕಾಯಿಸಿಕೊಂಡು ಮತ್ತೆ ಗಿಡ ಹತ್ತಿದವು. ತಿನ್ನುವವರೇ ಇರಲಿಲ್ಲ. ಹುಳಗಳು ಎಷ್ಟು ದಪ್ಪವಾಗಿದ್ದವೆಂದರೆ ಕಾಯಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುತ್ತಿದ್ದವು. ಅವು ಅಗಿಯುವ ಸದ್ದಿಗೆ ನನ್ನ ಮಧ್ಯಾಹ್ನದ ನಿದ್ದೆ ಎರಡು ತಿಂಗಳು ಕೆಟ್ಟಿತು. ಶಾಲೆಯ ಮಕ್ಕಳೆಲ್ಲ ಅದಕ್ಕೆ ಸಾಕ್ಷಿ.

ಊರಲ್ಲಿ ದೊಡ್ಡ ಹೊಲ ಲಲಿತಾಬಾಯಿಯದು, ನೂರು ಎಕರೆಯ ಮೇಲೆ. ಗಂಡ ಬಸವಂತರಾಯರು ಒಂದು ಬದುವಿನ ತಕರಾರು ಹಿಡಿದು ಕಚೇರಿ ಅಲೆಯುತ್ತಿದ್ದರು. ರಾಜ್ಯವೇ ಹೈದರಾಬಾದಿನಿಂದ ಮೈಸೂರಿಗೆ ಬದಲಾದರೂ ಅವರ ಫೈಲು ಬದಲಾಗಿರಲಿಲ್ಲ. ಹೀಗಾಗಿ ಒಕ್ಕಲುತನ ಲಲಿತಾಬಾಯಿಯ ಕೈಯಲ್ಲಿತ್ತು; ಊರಿಗೆಲ್ಲ ಅವಳು ಬರೀ 'ಬಾಯಿ'. ಲಿಂಗಪೂಜೆಯಾಗದೆ ನೀರು ಮುಟ್ಟದ ಹೆಂಗಸು, ಆದರೆ ಲೆಕ್ಕದಲ್ಲಿ ದೇವರನ್ನೂ ಬಿಡುತ್ತಿರಲಿಲ್ಲ. ಹುಳ ಗಿಡ ಹತ್ತುವುದನ್ನು ನೋಡಿ, "ಕೌಜುಗ ಎಲ್ಲಿ ಹೋದವು?" ಎಂದು ಕೇಳಿದಳು. ದಸ್ತಗೀರನ ಪಾತೇಲಿಯಲ್ಲಿ ಎಂದು ಊರು ಉತ್ತರ ಕೊಟ್ಟಿತು.

ಬಾಯಿ ಗೊಲ್ಲಾಳಪ್ಪನನ್ನು ಕರೆಸಿ, ಹಿಡಿದ ಹಕ್ಕಿ ಜೀವಂತ ತನಗೇ ಕೊಡಬೇಕು, ಒಂದಕ್ಕೆ ಒಂದೂಕಾಲು ರೂಪಾಯಿ ಎಂದಳು. ತೊಗರಿಯಲ್ಲಿ ಬಿಡುವುದು ಅವಳ ವಿಚಾರ. ಸೇಡಂತನಕ ನಡೆಯುವುದೂ ತಪ್ಪಿತು, ನಾಲ್ಕಾಣೆ ಹೆಚ್ಚೂ ಸಿಕ್ಕಿತು ಎಂದು ಗೊಲ್ಲಾಳಪ್ಪ ಒಪ್ಪಿಕೊಂಡ. ಆ ಮನೆಯ ಪದ್ಧತಿಯೆಂದರೆ, ಕರುವಾಗಲಿ ಮಗಳಾಗಲಿ, ಹೊಸ್ತಿಲು ದಾಟಿ ಹೋಗುವ ಜೀವಕ್ಕೆ ಹಣೆಗೆ ಕುಂಕುಮ ಹಚ್ಚಿಯೇ ಕಳಿಸುವುದು. ಬಾಯಿ ಕೌಜುಗಗಳಿಗೂ ಹಚ್ಚಿದಳು, ಒಂದು ಮುಷ್ಟಿ ಜೋಳ ತಿನ್ನಿಸಿ ಬಿಟ್ಟಳು.

ಎಂಟನೇ ದಿನ ಗೊಲ್ಲಾಳಪ್ಪ ಬುಟ್ಟಿ ತಂದಾಗ ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದೆ. ಬಾಯಿ ಒಂದು ಹಕ್ಕಿಯನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದರ ಹಣಿ ಮ್ಯಾಲೆ ಏನೋ ಗೊಲ್ಲಾಳಪ್ಪ?"

"ಹುಟ್ಟಾ ಹಂಗೇ ಅದರೀ ಬಾಯಾರ. ಭಾಳ ದೈವದ ಹಕ್ಕಿ."

"ನಾ ಹಚ್ಚಿದ ಕುಂಕುಮ ನಂಗ ಗೊತ್ತಾಗಲ್ಲೇನು? ಖರೇ ಹೇಳು. ಎಷ್ಟು ಸಲ ತಂದಿ ಇದನ್ನ?"

ಗೊಲ್ಲಾಳಪ್ಪ ಬೆರಳು ಮಡಚಿ ಎಣಿಸಿದ. "ಇದಾ? ಐದು ಸಲರಿ. ಅದರ ಸಂಗಟ ಇರೋದು ನಾಕು ಸಲ. ನನ್ನ ತಪ್ಪೇನದರಿ? ನಿಮ್ಮ ಮನ್ಯಾಗ ಕಾಳು ತಿಂದು ರುಚಿ ಹತ್ಯದ. ನಾ ಉರುಲ ಹಾಕೋದು ತಡ ಆದ್ರ ಅವೇ ಬಂದು ಬುಟ್ಟಿ ಮುಂದ ಕುಂದ್ರಲಿಕತ್ಯಾವ."

ನಾನು ನಗು ತಡೆಯಲಾಗದೆ ಅತ್ತ ತಿರುಗಿದೆ. ಬಾಯಿ ನಗಲಿಲ್ಲ, ಬೈಯಲೂ ಇಲ್ಲ. ಹಕ್ಕಿಯನ್ನು ಬುಟ್ಟಿಗೆ ಹಾಕಿ ಒಳಗೆ ಹೋದಳು. ಮೂರು ದಿನ ಲೆಕ್ಕದ ಪುಸ್ತಕ ಬಿಟ್ಟು ಏಳಲಿಲ್ಲವಂತೆ. ನಾಲ್ಕನೇ ದಿನ ಸ್ಟಾಂಪ್ ಕಾಗದ ತರಿಸಿ, ಬರೆಯಲು ನನ್ನನ್ನು ಕರೆಸಿದಳು. ಗೊಲ್ಲಾಳಪ್ಪನೂ ಮರೆಮ್ಮನೂ ಅಂಗಳದಲ್ಲಿ ಕೂತಿದ್ದರು.

"ನಾ ಹಿಡಿಯೋದಕ್ಕ ರೊಕ್ಕ ಕೊಟ್ಟೆ, ನೀ ಹಿಡಿದಿ. ತಪ್ಪು ನಂದು," ಎಂದಳು ಬಾಯಿ. "ಇನ್ನ ಮ್ಯಾಲೆ ಹಿಡೀಲಾರದ್ದಕ್ಕ ಕೊಡ್ತೀನಿ."

ಗೊಲ್ಲಾಳಪ್ಪ ನನ್ನ ಮುಖ ನೋಡಿದ. "ಹಿಡೀಲಾರದ್ದಕ್ಕರೀ? ಹಂಗಿದ್ರ ನಮ್ಮ ಮಾಸ್ತರು ಹುಟ್ಟಿದಾಗಿಂದ ಒಂದೂ ಹಿಡದಿಲ್ಲ. ಅವರ ಬಾಕಿ ಎಷ್ಟಾಯ್ತರಿ?"

"ಮಾಸ್ತರಗ ಹಿಡೀಲಿಕ್ಕೆ ಬರಲ್ಲ. ಬರಾಂವಗ ಕೊಡೋದು," ಎಂದಳು ಬಾಯಿ. ನನಗೆ ಸ್ವಲ್ಪ ಬೇಜಾರಾಯಿತು, ಆದರೆ ಮಾತು ಸರಿಯಾಗಿತ್ತು. "ಮತ್ತ ನೀ ಹಿಡದಿಲ್ಲ ಅಂತ ಹೇಳಿದ್ರ ನಾ ನಂಬಲ್ಲ. ನಂಗ ಹೊಲದಾಗ ಹಕ್ಕಿ ಇರಬೇಕು. ಮುಂದಿನ ಎಳ್ಳಮಾಸಿ ದಿನ ನಸುಕಿನಾಗ, ಭೂಮಿತಾಯಿಗಿ ಚರಗದ ಎಡಿ ಚೆಲ್ಲೋಕಿಂತ ಮೊದಲ, ಬಾವಿ ಕಟ್ಟಿ ಮ್ಯಾಲೆ ಕೂತು ಎಣಸೋಣು. ಇಪ್ಪತ್ತೊಂದು ಕಡಿಂದ ಗಂಡು ಕೂಗಬೇಕು. ಕೂಗಿದ್ರ ಒಂದು ಚೀಲ ತೊಗರಿ. ಏನಂತಿ?"

ಗೊಲ್ಲಾಳಪ್ಪ ಬಾಯಿ ತೆರೆಯುವಷ್ಟರಲ್ಲಿ ಮರೆಮ್ಮ ಅವನ ಬೆನ್ನಿಗೆ ಮೊಳಕೈ ತಿವಿದು ಮುಂದೆ ಬಂದಳು.

"ತೊಗರಿ ಕೊಟ್ರ ತಿಂದು ಹೋಗ್ತದರಿ ಅವ್ವಾರ. ಬಾವಿ ಮಗ್ಗಲದ ಮೂಲಿ ಜಾಗ ಸುಮ್ಮ ಬಿದ್ದದ. ಅದು ಕೊಡ್ರಿ. ಒಂದು ಕ್ವಾಣಿ ಕಟ್ಕೊಂತೀವಿ, ಬಾಗಿಲ ಇಡಸ್ತೀವಿ."

ಬಾಯಿ ಬಾವಿಯ ಕಡೆ ನೋಡಿದಳು. "ಚೀಲಾನೂ ಕೊಡ್ತೀನಿ, ಮೂಲೀನೂ ಕೊಡ್ತೀನಿ. ಇಪ್ಪತ್ತೊಂದು ಆಗಬೇಕು. ಇಪ್ಪತ್ತಾದ್ರ ಎರಡೂ ಇಲ್ಲ."

ನಾನು ಬರೆದೆ, ಗೊಲ್ಲಾಳಪ್ಪ ಹೆಬ್ಬೆಟ್ಟು ಒತ್ತಿದ. ಆಗ ಆ ಹೊಲದಲ್ಲಿ ನಾವು ಎಣಿಸಿದ್ದು ಆರು ಕೂಗು.

ಸುದ್ದಿ ಸೇಡಂ ಮುಟ್ಟಿದ ಮರುದಿನವೇ ದಸ್ತಗೀರ ಬಸ್ಸಿನಲ್ಲಿ ಬಂದಿಳಿದ. ಎತ್ತರದ ಆಳು, ಗಡ್ಡಕ್ಕೆ ಮದರಂಗಿ.

"ಬಾಯಿಸಾಬ್, ಇದು ನನ್ನ ಹೊಟ್ಟಿ ಮ್ಯಾಲೆ ಹೊಡಿಯೋ ಮಾತಾತಲ್ರಿ. ಅದೂ ಅಲ್ದೆ ಎಣಿಕಿ ಹ್ಯಾಂಗ ಮಾಡ್ತೀರಿ? ಈ ಬದ್ಮಾಶ್ ಒಬ್ಬನೇ ಇಪ್ಪತ್ತೊಂದು ಕಡಿಂದ ಕೂಗ್ತಾನ. ಇವನ ಗಂಟಲ ನಂಗ ಗೊತ್ತದ!"

"ಅದಕ್ಕೇ ಎಣಿಸ್ಲಿಕ್ಕೆ ನೀವೇ ಬರ್ರಿ ಸಾಬ್ರ," ಎಂದಳು ಬಾಯಿ. "ಒಂದು ಕಮ್ಮಿ ಬಿದ್ರ ಅಂವ ತಿರುಗಿ ನಿಮ್ಮ ಕಡಿಗೇ ಬರ್ತಾನ. ನಿಮಗಿಂತ ಚಲೋ ಕಿವಿ ನಂಗ ಎಲ್ಲಿ ಸಿಗಬೇಕು?"

ದಸ್ತಗೀರ ಗಡ್ಡ ನೀವಿಕೊಂಡ. ಒಂದೇ ಶರತ್ತು ಹಾಕಿದ: ಎಣಿಕೆ ಮುಗಿಯುವ ತನಕ ಗೊಲ್ಲಾಳಪ್ಪ ಬಾಯಿತುಂಬ ನೀರು ತುಂಬಿಕೊಂಡು ನಮ್ಮ ನಡುವೆಯೇ ಕೂಡಬೇಕು. ಅದನ್ನೂ ಕಾಗದಕ್ಕೆ ಸೇರಿಸಿದೆ. ಮೈಸೂರು ರಾಜ್ಯದಲ್ಲಿ ಅಂಥ ಇನ್ನೊಂದು ಕರಾರುಪತ್ರ ಇರಲಿಕ್ಕಿಲ್ಲ.

ಆಮೇಲಿನ ಹತ್ತು ತಿಂಗಳು ಗೊಲ್ಲಾಳಪ್ಪ ಪಟ್ಟ ಪಾಡು ದೊಡ್ಡದು. ಮೊದಲು ಅವನು ಬುದ್ಧಿವಂತಿಕೆ ಮಾಡಿದ: ಬಾಯಿಯ ಹೊಲ ಬಿಟ್ಟು ಪಕ್ಕದ ಹೊಲಗಳಲ್ಲಿ ಉರುಲು ಹಾಕಿದ. ಹದಿನೈದು ದಿನದಲ್ಲಿ ಬಾಯಿಯ ಹೊಲದ ಕೂಗು ಆರರಿಂದ ನಾಲ್ಕಕ್ಕೆ ಇಳಿಯಿತು. ಹಕ್ಕಿಗಳಿಗೆ ಬದು ಓದಲು ಬರುವುದಿಲ್ಲ ಎನ್ನುವುದು ಅವನಿಗೆ ಹೊಳೆಯಿತು. ಉರುಲುಗಳನ್ನು ಸುತ್ತಿ ಚಾಪೆಯ ಕೆಳಗಿಟ್ಟು ಕೂಲಿಗೆ ಹೋಗತೊಡಗಿದ. ಮರೆಮ್ಮನೂ ಕಳೆ ತೆಗೆಯಲು ಹೋದಳು.

ಆಮೇಲೆ ತಿಳಿದದ್ದು, ಹಿಡಿಯದೆ ಬಿಟ್ಟರೆ ಹಕ್ಕಿ ತಾನಾಗಿ ಹೆಚ್ಚುವುದಿಲ್ಲ ಎಂಬುದು. ಮೊಟ್ಟೆಯಿಡಲು ಅದಕ್ಕೆ ಬದುವಿನ ಮೇಲೆ ಬೋರೆಯ ಮುಳ್ಳುಪೊದೆ, ನಮ್ಮ ಬಾರಿಕಂಟಿ, ಬೇಕು. ಕಂಟಿಯನ್ನೆಲ್ಲ ಒಲೆಗೆಂದು ಕಡಿದೊಯ್ಯುವವಳು ದ್ರೌಪದಿ. ಅವಳ ಕೊಡಲಿಗೆ ಹೆದರಿ ಗಿಡಗಳು ಹೊಲದ ನಡುವೆ ಓಡಿಹೋಗುತ್ತಿದ್ದವು ಎನ್ನುತ್ತಾರೆ. ಗೊಲ್ಲಾಳಪ್ಪ ಬದುವಿನ ಮೇಲೆ ಅಡ್ಡ ನಿಂತ.

"ದ್ರೌಪದವ್ವ, ಇದೊಂದು ಬದ ಬಿಡಬೇ. ಕೌಜುಗ ತತ್ತಿ ಇಟ್ಟದ."

"ಕೌಜುಗ ತತ್ತಿ ಇಟ್ರ ನಮ್ಮನಿ ಒಲಿ ಉರೀತದೇನೋ? ನಿನ್ನೀತನಕ ಉರುಲ ಹಾಕಾಂವ, ಇವತ್ತ ಬಾಣಂತಿತನ ಮಾಡ್ಲಿಕತ್ತೀ?"

"ನನ್ನ ಚೀಲ ಬರ್ಲಿ, ಹತ್ತು ಸೇರು ತೊಗರಿ ನಿಂದು."

"ಹದಿನೈದು."

"ಹನ್ನೆರಡು. ಮತ್ತ ಸತ್ತ ಜಾಲಿ ಎಲ್ಲಿ ಕಂಡ್ರೂ ನಾನೇ ಹೊತ್ತು ತಂದು ಹಾಕ್ತೀನಿ."

ದ್ರೌಪದಿ ಬಿಟ್ಟಳು. ಆಮೇಲೆ ಆಡು ಕಾಯುವವರು ಬಂದರು, ಬೇಟೆನಾಯಿ ಸಾಕಿದವರು ಬಂದರು, ತತ್ತಿ ಕದಿಯುವ ಹುಡುಗರ ತಾಯಂದಿರು ಬಂದರು. ಬಿಡುವುದಕ್ಕೂ ಬೆಲೆಯಿದೆ ಎಂದು ಗೊತ್ತಾದ ಮೇಲೆ ಊರಲ್ಲಿ ಪ್ರತಿಯೊಬ್ಬರೂ ಏನನ್ನಾದರೂ ಬಿಡಲು ಸಿದ್ಧರಾದರು. ಒಬ್ಬ ಬಡಗಿ ಬಂದು, ತಾನು ಇದುವರೆಗೆ ಕೌಜುಗ ತಿಂದೇ ಇಲ್ಲವೆಂದೂ ತನಗೂ ಎರಡು ಸೇರು ಬರಬೇಕೆಂದೂ ಕೇಳಿದ. ದಸರೆಯ ಹೊತ್ತಿಗೆ ನಾನು ಲೆಕ್ಕ ಹಾಕಿದೆ. ಬರಲಿರುವುದು ಒಂದು ಚೀಲ. ಮಾತು ಕೊಟ್ಟಿರುವುದು ಒಂದೂ ಮುಕ್ಕಾಲು ಚೀಲ.

"ಹ್ಯಾಂಗೋ ಗೊಲ್ಲಾಳಪ್ಪ?" ಎಂದೆ.

"ಮಾಸ್ತರ, ನಂಗ ಬೇಕಾದದ್ದು ಮೂಲಿ. ತೊಗರಿ ಅವರವರೇ ಹೊಡದಾಡಿ ಹಂಚ್ಕೊಳ್ಳಲಿ. ಆ ಬಾಗಿಲ ಬರಲಿಲ್ಲಂದ್ರ ಮರೆಮ್ಮ ತವರಿಗಿ ಹೋಗ್ತಾಳಂತ. ಹೋಗೋದೂ ಅಲ್ಲ, ನನ್ನೂ ಕರಕೊಂಡು ಹೋಗ್ತಾಳಂತ. ಅಕಿ ಅಣ್ಣಂದಿರು ಭಾಳ ಕೆಟ್ಟವರಿದ್ದಾರ್ರಿ."

ಮಳೆಗಾಲ ಮುಗಿಯುವಷ್ಟರಲ್ಲಿ ಬದುಗಳ ಮೇಲೆ ಕಂಟಿ ಆಳೆತ್ತರ ಬೆಳೆದವು. ತಾಯಿಕೌಜುಗದ ಹಿಂದೆ ಲಿಂಬಿಕಾಯಿ ಗಾತ್ರದ ಮರಿಗಳು ಸಾಲಾಗಿ ಓಡುವುದು ಕಾಣತೊಡಗಿತು. ಕಾರ್ತಿಕದಲ್ಲಿ ಹುಳ ಬಂದವು, ಆದರೆ ಹಿಂದಿನ ವರ್ಷದ ಕಾಲುಭಾಗ. ಅದಕ್ಕೆ ಹಕ್ಕಿ ಎಷ್ಟು ಕಾರಣ, ಮಳೆ ಎಷ್ಟು ಕಾರಣ ನನಗೆ ಗೊತ್ತಿಲ್ಲ; ಬಾಯಿಗೂ ಗೊತ್ತಿರಲಿಲ್ಲ. ಕರಾರು ಇದ್ದದ್ದು ಕೂಗಿನ ಮೇಲೆ.

ಎಳ್ಳಮಾವಾಸ್ಯೆಯ ನಸುಕಿನಲ್ಲಿ ಮಂಜು ಬಿತ್ತು. ನಮ್ಮ ಸೀಮೆಯಲ್ಲಿ ಮಂಜು ಬೀಳುವುದೇ ಅಪರೂಪ. ಅಂದು ಎಷ್ಟು ದಟ್ಟವಾಗಿತ್ತೆಂದರೆ ನಾನು ಬಾವಿಕಟ್ಟೆಗೆ ದಾರಿಯನ್ನು ಕೈಯಿಂದ ಸರಿಸಿಕೊಂಡು ಹೋದೆ. ಮಂಜಿನಲ್ಲಿ ಕೌಜುಗ ಬಾಯಿ ಬಿಡುವುದಿಲ್ಲ. ಹಿಂದಿನ ವಾರ ಗೊಲ್ಲಾಳಪ್ಪ ಎಣಿಸಿದಾಗ ಇಪ್ಪತ್ತಮೂರು ಇದ್ದವು. ಈಗ ಅವನ ಮುಖ ನೋಡಲಾಗುತ್ತಿರಲಿಲ್ಲ.

ಬಾಯಿ ಕಂಬಳಿ ಹೊದ್ದು ಕೂತಿದ್ದಳು. ಮುಂದೆ ಹಿತ್ತಾಳೆಯ ಬಟ್ಟಲು, ಪಕ್ಕದಲ್ಲಿ ತೊಗರಿ ಕಾಳು. ಹೊಸ ಜಾಗದಿಂದ ಕೂಗು ಬಂದರೆ ಒಂದು ಕಾಳು. ಅದೇ ಕಂಟಿಯಿಂದ ಎಷ್ಟು ಸಲ ಬಂದರೂ ಮತ್ತೆ ಹಾಕುವಂತಿಲ್ಲ. ಬಾವಿಕಟ್ಟೆಗೆ ಬಿಸಿಲು ಬಿದ್ದರೆ ಎಣಿಕೆ ಮುಗಿದಂತೆ. ದಸ್ತಗೀರ ಸೇಡಂನಿಂದ ತಂದ ತನ್ನದೇ ತಂಬಿಗೆಯಿಂದ ಗೊಲ್ಲಾಳಪ್ಪನ ಬಾಯಿಗೆ ನೀರು ಹುಯ್ದ. ಕೆನ್ನೆ ಎರಡೂ ಉಬ್ಬಿ ಅವನು ಹುಬ್ಬಿನ ತನಕ ಕುಂಬಳಕಾಯಿಯಾದ.

ಮೊದಲ ಕೂಗು ಹಳ್ಳದ ಕಡೆಯಿಂದ ಬಂತು. ಆಮೇಲೆ ದಿಬ್ಬದಿಂದ ಎರಡು. ದಸ್ತಗೀರ ಕಣ್ಣು ಮುಚ್ಚಿ, ಬೆರಳೆತ್ತಿ ದಿಕ್ಕು ತೋರಿಸುತ್ತಿದ್ದ, ಬಾಯಿ ಕಾಳು ಹಾಕುತ್ತಿದ್ದಳು, ನಾನು ಹೌದೆನ್ನುತ್ತಿದ್ದೆ. ಒಂಬತ್ತಾಯಿತು. ಹದಿನಾಲ್ಕಾಯಿತು. ಬಹಳ ಹೊತ್ತು ಸುಮ್ಮನಾದವು. ಮತ್ತೆ ಹದಿನೆಂಟು, ಇಪ್ಪತ್ತು. ಅಲ್ಲಿಗೆ ನಿಂತಿತು. ಮಂಜು ತೆಳುವಾಗುತ್ತ ಬಂತು, ಬೇವಿನ ಮರದ ತುದಿಗೆ ಬಿಸಿಲು ಹತ್ತಿತು, ಬಿಸಿಲು ಕೆಳಗಿಳಿಯತೊಡಗಿತು. ಗೊಲ್ಲಾಳಪ್ಪನ ಹಣೆಯ ಮೇಲೆ ಆ ಚಳಿಯಲ್ಲಿ ಬೆವರು.

ಆಗ ಬಡಗಣ ಬದುವಿನಿಂದ, ಇದುವರೆಗೆ ಸದ್ದಿಲ್ಲದ ಕಡೆಯಿಂದ, ಒಂದು ಕೂಗು ಬಂತು. ಮೂರು ಸಲ.

ದಸ್ತಗೀರನ ಬೆರಳು ಅರ್ಧ ಎದ್ದಿತು. ಬಾಯಿ ನಕ್ಕು ಇಪ್ಪತ್ತೊಂದನೇ ಕಾಳು ಬಟ್ಟಲಿಗೆ ಹಾಕಿಯೇಬಿಟ್ಟಳು. ನಾನು ಗೊಲ್ಲಾಳಪ್ಪನ ಬೆನ್ನು ತಟ್ಟಲು ಕೈಯೆತ್ತಿದೆ. ಅವನ ಕಣ್ಣುಗುಡ್ಡೆ ಹೊರಬಂದಿದ್ದವು. ಮರುಕ್ಷಣ ಬಾಯಲ್ಲಿದ್ದ ನೀರೆಲ್ಲ ದಸ್ತಗೀರನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಬಿತ್ತು.

"ಅದು ಕೌಜುಗ ಅಲ್ರೀ! ಅದು ನನ್ನ ಹೇಣ್ತಿ!"

ದಸ್ತಗೀರನ ಬೆರಳು ಕೆಳಗಿಳಿಯಿತು.

"ಮೂರನೇ ಕೂಗಿಗಿ ದಮ್ಮು ಕಟ್ಟತದರಿ ಅಕಿಗಿ! ಹತ್ತು ವರ್ಷದಿಂದ ಹೇಳ್ಲಿಕತ್ತೀನಿ, ಹೊಟ್ಟಿಲಿಂದ ಕೂಗಬೇ, ಗಂಟಲಿಲಿಂದ ಬ್ಯಾಡ ಅಂತ. ಹಂಗ ಕೂಗೋ ಕೌಜುಗ ಈ ಸೇಡಂ ತಾಲೂಕಿನಾಗೇ ಇಲ್ಲ!"

ಅವನ ಪ್ರಾಮಾಣಿಕತೆಗೆ ನನಗೆ ಆ ಕ್ಷಣ ಕಣ್ಣು ತುಂಬಿತು. ಆಮೇಲೆ ಯೋಚಿಸಿದಾಗ ಗೊತ್ತಾಯಿತು, ಅವನಿಗೆ ಸತ್ಯದ ಚಿಂತೆ ಇರಲಿಲ್ಲ. ಅಂಥ ಕೆಟ್ಟ ಕೂಗನ್ನು ಯಾರಾದರೂ ಕೌಜುಗದ್ದೆಂದು ಲೆಕ್ಕಕ್ಕೆ ಹಿಡಿಯುವುದನ್ನು ಅವನ ಕಸಬು ತಡೆದುಕೊಳ್ಳಲಿಲ್ಲ, ಅಷ್ಟೆ.

ಬಡಗಣ ಬದುವಿನ ಜೋಳ ಸೀಳಿಕೊಂಡು ಮರೆಮ್ಮ ಬಂದಳು. ಸೀರೆ ಮೊಳಕಾಲ ತನಕ ಇಬ್ಬನಿಗೆ ತೊಯ್ದಿತ್ತು.

"ಏ ಮೂಳಾ! ಬಾಯಿ ತುಂಬ ನೀರು ಹುಯ್ದ್ರೂ ನಿನ್ನ ಬಾಯಿ ಸುಮ್ಮ ಕೂಡಲಿಲ್ಲಲ್ಲೋ! ನನ್ನ ಕೂಗು ಕೆಟ್ಟದ? ಚಳ್ಯಾಗ, ಮಳ್ಯಾಗ ನಿನ್ನ ಸಂಗಟ ಕೂಗಿ ಕೂಗಿ ಗಂಟಲ ಹರದು ಹೋಗ್ಯದ ನಂದು. ಅಕಿ ಏನೋ ಮಾಡ್ಲಿಕತ್ಯಾಳ, ತಡಿ, ಅನಸಲಿಲ್ಲಲ್ಲೋ ನಿಂಗ! ಸಂಸಾರ ಮಾಡ್ಲಿಕ್ಕೆ ಬಂದಿ, ಏನು ಸಂಗೀತ ಪರೀಕ್ಷೆ ತಗೊಳ್ಳಿಕ್ಕೆ ಬಂದಿ?"

ಗೊಲ್ಲಾಳಪ್ಪ ತಲೆ ತಗ್ಗಿಸಿದ. ಬಾಯಿ ಬಟ್ಟಲಿಗೆ ಕೈ ಹಾಕಿ ಒಂದು ಕಾಳು ಹೊರತೆಗೆದು ಅಂಗೈಯಲ್ಲಿ ಹಿಡಿದಳು. "ಇಪ್ಪತ್ತು," ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ; ಕಾಗದದಲ್ಲಿದ್ದದ್ದನ್ನು ಹೇಳಿದಳು. ಬಿಸಿಲು ಬೇವಿನ ಬುಡಕ್ಕೆ ಬಂದಿತ್ತು. ಕಟ್ಟೆಗೆ ಇನ್ನು ನಾಲ್ಕು ಮೊಳ.

ದಸ್ತಗೀರ ಅಂಗಿ ಹಿಂಡುತ್ತಿದ್ದವನು ಇದ್ದಕ್ಕಿದ್ದಂತೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ.

ಮರೆಮ್ಮ ಬಂದ ದಾರಿಯಲ್ಲೇ, ಅವಳ ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ, ಒಂದು ಗಂಡು ಕೌಜುಗ ಬರುತ್ತಿತ್ತು. ಬಡಗಣ ಬದುವಿನ ಯಜಮಾನ. ಮಂಜಿಗೆ ಬೇಸತ್ತು ಬೆಳಗಿನಿಂದ ಸುಮ್ಮನಿದ್ದ ಪ್ರಾಣಿ; ತನ್ನ ಸರಹದ್ದಿನಲ್ಲಿ ಯಾವನೋ ಇಷ್ಟು ಕೆಟ್ಟದಾಗಿ ಕೂಗಿ ಹೋದದ್ದನ್ನು ಸಹಿಸಲಾಗದೆ ಅಟ್ಟಿಕೊಂಡು ಬಂದಿತ್ತು. ಅದರ ಎದೆ ಎಷ್ಟು ಉಬ್ಬಿತ್ತೆಂದರೆ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಐದು ಜನ ದೊಡ್ಡವರಿದ್ದೇವೆಂಬ ಪರಿವೆಯೇ ಇಲ್ಲದೆ, ಕತ್ತು ಚಾಚಿ ಕೂಗಿತು. ಮೂರನೇ ಕೂಗಿಗೂ ದಮ್ಮು ಕಟ್ಟಲಿಲ್ಲ.

ದಸ್ತಗೀರ ಬಾಯಿಯ ಅಂಗೈಯಿಂದ ಕಾಳು ತೆಗೆದುಕೊಂಡು ಬಟ್ಟಲಿಗೆ ಹಾಕಿದ. "ಇಕ್ಕೀಸ್."

"ಆದ್ರ ಅದನ್ನ ಅಕಿ ಕರಸ್ಯಾಳರಿ," ಎಂದ ಗೊಲ್ಲಾಳಪ್ಪ. ಮರೆಮ್ಮ ಅವನ ಬಾಯಿಗೆ ಸೆರಗು ತುರುಕಿದಳು.

"ಅರೆ ದಿವಾನೆ, ಮೂಹ್ ಬಂದ್ ಕರ್!" ಎಂದ ದಸ್ತಗೀರ. "ಕರಸಿದ್ರೂ ಬಂದದ್ದು ಖರೇ ತೀತರ್. ಇಪ್ಪತ್ತು ವರ್ಷ ತೀತರ್ ಬೇಯಿಸೀನಿ, ನಂಗ ಗೊತ್ತಾಗಲ್ಲ?"

ಬಾಯಿ ನನ್ನ ಕಡೆ ತಿರುಗಿದಳು. "ಕಾಗದದಾಗ ಹ್ಯಾಂಗದ ಮಾಸ್ತರ?"

ಬಿಡಿಸಿ ಓದಿದೆ. "'ಹೊಲದೊಳಗೆ ಇಪ್ಪತ್ತೊಂದು ಕಡೆಯಿಂದ ಗಂಡುಹಕ್ಕಿ ಕೂಗತಕ್ಕದ್ದು' ಅಂತದರಿ. ಯಾಕ ಕೂಗಬೇಕು ಅಂತ ಬರದಿಲ್ಲ. ಗೊಲ್ಲಾಳಪ್ಪ ನೀರು ಉಗುಳಿದ್ದು ಮಾತ್ರ ತಪ್ಪದ."

"ಅದು ನನ್ನ ಅಂಗಿ ಮ್ಯಾಲೆ ಬಿದ್ದದ್ದು. ನಾ ಮಾಫ್ ಮಾಡೀನಿ," ಎಂದ ದಸ್ತಗೀರ. ಆಮೇಲೆ ಗಡ್ಡ ನೀವಿಕೊಂಡು, "ಹಂಗಲ್ರಿ ಬಾಯಿಸಾಬ್, ಒಂದು ಮಾತು. ಈ ಹೊಲ ತುಂಬಿ ಬದ ದಾಟಿ ಹೊರಗ ಹೋದ ತೀತರ್ ಯಾರದು?"

"ಬದ ದಾಟಿದ್ದು ನಂದಲ್ಲ, ದೇವರದು."

"ಹಂಗಿದ್ರ ದೇವರ ಸಂಗಟ ನಾ ಮಾತಾಡ್ಕೊಂತೀನಿ."

ಬಿಸಿಲು ಕಟ್ಟೆಗೆ ಬಿತ್ತು. ಚರಗ ಚೆಲ್ಲಿದೆವು. ಅಂದೇ ಮಧ್ಯಾಹ್ನ ಬಾಯಿ ತೊಗರಿ ಚೀಲ ಕೊಡಿಸಿದಳು. ಅಂಗಳದಲ್ಲಿ ದ್ರೌಪದಿಯ ನಾಯಕತ್ವದಲ್ಲಿ ಹಂಚಿಕೆಯಾಯಿತು. ಯುದ್ಧ ಮುಗಿದ ಮೇಲೆ ಗೊಲ್ಲಾಳಪ್ಪನಿಗೆ ಉಳಿದದ್ದು ಮೂರು ಹಿಡಿ ಕಾಳು ಮತ್ತು ಚೀಲ. ಚೀಲವನ್ನೂ ಬಡಗಿ ಕೇಳಿದ; ಕೊಡಲಿಲ್ಲ.

ಬಾವಿಯ ಮಗ್ಗುಲಿಗೆ ಯುಗಾದಿಯೊಳಗೆ ಕೋಣೆ ಎದ್ದಿತು. ಮಣ್ಣಿನ ಗೋಡೆ, ಮೇಲೆ ಶಹಾಬಾದಿನ ಹಾಸುಗಲ್ಲು, ಜಾಲಿ ಹಲಗೆಯ ಬಾಗಿಲು. ಬಾಗಿಲು ಕೂಡಿಸಿದ ದಿನವೇ ಮರೆಮ್ಮ ಒಳಗಿನಿಂದ ಅಗಳಿ ಹಾಕಿಕೊಂಡಳು. ತನ್ನ ಕೂಗು ಚೆನ್ನಾಗಿದೆ ಎಂದು ಗಂಡ ಒಪ್ಪಿಕೊಳ್ಳುವ ತನಕ ತೆಗೆಯುವುದಿಲ್ಲ ಎಂದಳು. ಅವನು ಸಂಜೆಯ ತನಕ ಹೊರಗೆ ಕೂತಿದ್ದ. ಹಸಿವಾದ ಮೇಲೆ, ಮೊದಲ ಎರಡು ಕೂಗು ಪರವಾಗಿಲ್ಲ ಎಂದ. ಅಷ್ಟಕ್ಕೆ ರಾಜಿಯಾಯಿತು.

ಆ ಕರಾರನ್ನು ಪ್ರತಿ ಎಳ್ಳಮಾವಾಸ್ಯೆಗೆ ಒಂದು ಚೀಲದ ಮೇಲೆ ಹೊಸದು ಮಾಡುತ್ತ ಹದಿನಾರು ವರ್ಷ ನಡೆಸಿದರು. ಬದು ದಾಟಿದ ಹಕ್ಕಿಗಳಲ್ಲಿ ಕೆಲವನ್ನು ಮಳೆಗಾಲ ಬಿಟ್ಟು ಉಳಿದ ದಿನ ಗೊಲ್ಲಾಳಪ್ಪ ದಸ್ತಗೀರನಿಗೆ ಹಿಡಿದುಕೊಡುತ್ತಿದ್ದ. ದಸ್ತಗೀರ ಅದನ್ನು ಎರಡರಷ್ಟು ದರಕ್ಕೆ ಮಾರಿ, ಉಳಿದ ಗಿರಾಕಿಗಳಿಗೆ ಕೋಳಿ ಹಾಕುತ್ತಿದ್ದ. ಇದರ ನಡುವೆ, ರಾಜ್ಯದ ಹೆಸರು ಕರ್ನಾಟಕವಾದ ಮರುವರ್ಷವೋ ಅದರ ಮರುವರ್ಷವೋ ಅರಣ್ಯ ಇಲಾಖೆಯ ಗಾರ್ಡ್ ಒಬ್ಬ ಸೈಕಲ್ ತಳ್ಳಿಕೊಂಡು ಬಾವಿಯ ಹತ್ತಿರ ಬಂದ. ನಾನೂ ಅಲ್ಲಿದ್ದೆ. ಹೊಸ ಕಾಯದೆ ಬಂದಿದೆ, ಪರವಾನಗಿ ಇಲ್ಲದೆ ಇನ್ನು ಮುಂದೆ ಕೌಜುಗಕ್ಕೆ ಉರುಲು ಹಾಕುವಂತಿಲ್ಲ ಎಂದು ಹೇಳಿದ.

ಗೊಲ್ಲಾಳಪ್ಪ ಅವನಿಗೆ ಚಾಪೆ ಹಾಕಿದ. "ಕುಂದ್ರಿ ಸಾಹೇಬರ. ಹಿಡದ್ರ ಏನು ಕೊಡ್ತೀರಿ?"

"ಕೊಡೋದೇನು! ಕೇಸು, ದಂಡ, ಜೇಲು."

"ಹಿಡೀಲಿಲ್ಲಂದ್ರ?"

"ಹಿಡೀಲಿಲ್ಲಂದ್ರ ಏನೂ ಇಲ್ಲ."

ಗೊಲ್ಲಾಳಪ್ಪ ಎದ್ದು ಒಳಗೆ ಹೋದ. ಸುತ್ತಿಟ್ಟಿದ್ದ ಉರುಲುಗಳನ್ನೆಲ್ಲ ತಂದು ಗಾರ್ಡಿನ ಸೈಕಲ್ಲಿಗೆ ಸಿಕ್ಕಿಸಿದ.

"ತಗೊಂಡು ಹೋಗ್ರಿ. ನಿಮ್ಮ ಕಾಯದೆ ಇರಲಿ, ಬ್ಯಾಡ ಅನ್ನಲ್ಲ. ಖರೆ ನಮ್ಮ ಬಾಯಾರದು ಇದಕಿಂತ ಚಲೋ ಅದ ಬಿಡ್ರಿ. ಸರಕಾರಕ್ಕ ದಂಡದ ಒಂದೇ ಕಡಿ ಮಾತಾಡ್ಲಿಕ್ಕೆ ಬರ್ತದ."

ಗಾರ್ಡಿಗೆ ಅರ್ಥವಾಗಲಿಲ್ಲ. ಮರೆಮ್ಮ ಕೊಟ್ಟ ಚಹಾ ಕುಡಿದು, ಬದುವಿನ ಮೇಲೆ ಕೂಗುತ್ತಿದ್ದ ಹಕ್ಕಿಯನ್ನು ಸ್ವಲ್ಪ ಹೊತ್ತು ಕೇಳಿ, ಸುಲೇಪೇಟ ರಸ್ತೆ ಹಿಡಿದ.